ಮೊಳ, ಗೇಣು ಮತ್ತು ಎತ್ತರ: ದೇಹದ ಅಳತೆಗಳಿಂದ ಬೆಳೆದ ಒಂದು ಗಣಿತದ ಇತಿಹಾಸ

ನಮ್ಮ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂಭ್ರಮದಲ್ಲಿ ಶಾಲೆಯ ಹುಟ್ಟು, ಬೆಳವಣಿಗೆ, ಗುರುಹಿರಿಯರ ಸೇವೆ ಇವುಗಳನ್ನು ಕುರಿತು ಹಲವರು ಬರೆದಿದ್ದಾರೆ. ಈ ಲೇಖನದ ವಿಷಯ ಸ್ವಲ್ಪ ಬೇರೆ. ಪ್ರತಿ ವರ್ಷ ಆರೋಗ್ಯ ತಪಾಸಣೆ ನಡೆದಾಗ ನಮ್ಮ ಮಕ್ಕಳ ಎತ್ತರವನ್ನೂ ತೂಕವನ್ನೂ ಅಳೆದು ಪುಸ್ತಕದಲ್ಲಿ ಬರೆದಿಡುತ್ತೇವೆ. ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿರುವ ಈ ಎರಡು ಅಂಕಿಗಳಿಗೆ ಒಂದಕ್ಕೊಂದು ಏನು ಸಂಬಂಧ? ಒಂದು ಗೊತ್ತಿದ್ದರೆ ಇನ್ನೊಂದನ್ನು ಹೇಳಬಹುದೆ? ಹೇಳಿದರೆ ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಇಂಥ ಸಣ್ಣ ಪ್ರಶ್ನೆಗಳಿಂದಲೇ ಸಂಖ್ಯಾಶಾಸ್ತ್ರದ ಎರಡು ದೊಡ್ಡ ಉಪಕರಣಗಳು ಹುಟ್ಟಿದವು. ಒಂದು ಸಹಸಂಬಂಧ, ಇನ್ನೊಂದು ಹಿಮ್ಮರಳಿಕೆ. ಎರಡನೆಯದನ್ನು ಕಾಲೇಜಿನಲ್ಲಿ ರಿಗ್ರೆಷನ್ ಎಂದೇ ಕರೆಯುತ್ತಾರೆ. ಅವುಗಳ ಕಥೆ ಲಂಡನ್ನಿನಲ್ಲಿ ನಡೆದದ್ದಾದರೂ ಅದರ ಬೇರಿನ ಒಂದು ಎಳೆ ನಮ್ಮ ಕಾಗಿಣಾ ನದಿಯ ದಂಡೆಯಲ್ಲೂ, ಇನ್ನೊಂದು ಎಳೆ ನಮ್ಮದೇ ರಾಜ್ಯದ ಹೂವಿನ ಹಡಗಲಿಯಲ್ಲೂ ಸಿಗುತ್ತದೆ.

ಮಾನ್ಯಖೇಟದ ಅಂಗುಲ

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು ಎಂಬುದು ನಮ್ಮ ಭಾಗದ ಪ್ರತಿ ವಿದ್ಯಾರ್ಥಿಗೂ ಗೊತ್ತು. ಕವಿರಾಜಮಾರ್ಗ ಹುಟ್ಟಿದ್ದು ಇಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಎಂಬುದೂ ಗೊತ್ತು. ಅದೇ ದೊರೆಯನ್ನು ತನ್ನ ಗ್ರಂಥದ ಆರಂಭದಲ್ಲಿ ಹೊಗಳಿದ ಗಣಿತಜ್ಞ ಮಹಾವೀರಾಚಾರ್ಯನ ನೆನಪು ಮಾತ್ರ ಕಡಿಮೆ. ಸುಮಾರು ಕ್ರಿ.ಶ. 850ರಲ್ಲಿ ಅವನು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹ ಗಣಿತಕ್ಕೆಂದೇ ಮೀಸಲಾದ ಗ್ರಂಥ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಿಂದ ಹೊರತಂದರು. ಮೈಸೂರಿನ ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ.

ಗ್ರಂಥದ ಮೊದಲ ಭಾಗದಲ್ಲೇ ಅಳತೆಗಳ ಪಟ್ಟಿ ಇದೆ. ಆರು ಅಂಗುಲಕ್ಕೆ ಒಂದು ಪಾದದ ಅಗಲ, ಎರಡು ಪಾದಕ್ಕೆ ಒಂದು ವಿತಸ್ತಿ, ಎರಡು ವಿತಸ್ತಿಗೆ ಒಂದು ಹಸ್ತ, ನಾಲ್ಕು ಹಸ್ತಕ್ಕೆ ಒಂದು ದಂಡ, ಎರಡು ಸಾವಿರ ದಂಡಕ್ಕೆ ಒಂದು ಕ್ರೋಶ. ವಿತಸ್ತಿ ಎಂದರೆ ನಮ್ಮ ಗೇಣು, ಹಸ್ತ ಎಂದರೆ ನಮ್ಮ ಮೊಳ. ಇದರ ಜೊತೆಗೆ ಮಹಾವೀರಾಚಾರ್ಯ ಇನ್ನೊಂದು ಸೂಕ್ಷ್ಮವನ್ನು ಹೇಳುತ್ತಾನೆ. ವ್ಯವಹಾರದ ಅಂಗುಲ ಬೇರೆ, ಪ್ರಮಾಣದ ಅಂಗುಲ ಬೇರೆ, ಆಯಾ ಕಾಲದ ಮನುಷ್ಯರ ಸ್ವಂತ ಬೆರಳಿನ ಅಂಗುಲ ಬೇರೆ. ಎಲ್ಲರ ಬೆರಳೂ ಒಂದೇ ಸಮ ಇರುವುದಿಲ್ಲ ಎಂಬ ಅರಿವು ಈ ವಿಂಗಡಣೆಯಲ್ಲಿದೆ. ಇಂದಿಗೂ ಸಂತೆಯಲ್ಲಿ ಹೂವು ಕೊಳ್ಳುವ ಹೆಣ್ಣುಮಕ್ಕಳು ಮಾರುವವಳ ಕೈ ನೋಡಿಯೇ ಮೊಳದ ಲೆಕ್ಕ ಹಾಕುವುದಿಲ್ಲವೆ?

ನಮ್ಮ ಹಿರಿಯರು ದೇಹದ ಅಳತೆಗಳನ್ನು ಒಂದಕ್ಕೊಂದು ಗಂಟು ಹಾಕಿದ್ದು ಅನುಪಾತದ ಮೂಲಕ. ಶಿಲ್ಪಿಗಳ ತಾಳಮಾನದಲ್ಲಿ ಮುಖದ ಉದ್ದವೇ ಒಂದು ತಾಳ. ನವತಾಳದ ವಿಗ್ರಹ ಎಂದರೆ ಮುಖದ ಒಂಬತ್ತು ಪಟ್ಟು ಎತ್ತರ, ಅಂದರೆ 108 ಅಂಗುಲ. ಮನುಷ್ಯನ ದೇಹ ಅವನ ಕೈಯಲ್ಲಿ ಮೂರೂವರೆ ಮೊಳ ಎಂದು ಕೆಲವರು ಹೇಳುತ್ತಾರೆ, ನಾಲ್ಕು ಮೊಳ ಎಂದು ಇನ್ನು ಕೆಲವರು. ವಿಗ್ರಹಕ್ಕೆ ಈ ನಿಯಮ ಸಾಕು, ಏಕೆಂದರೆ ಶಿಲ್ಪಿ ಹೇಳಿದ ಹಾಗೆ ಕಲ್ಲು ಕೇಳುತ್ತದೆ. ಜೀವಂತ ಮನುಷ್ಯರು ಹಾಗಲ್ಲ. ಒಂದೇ ಎತ್ತರದ ಹತ್ತು ಜನರ ಮೊಳ ಅಳೆದರೆ ಹತ್ತು ಬೇರೆ ಬೇರೆ ಅಂಕಿ ಬರುತ್ತವೆ. ಸಂಬಂಧ ಇದೆ, ಆದರೆ ಅದು ಸಡಿಲವಾದ ಸಂಬಂಧ. ಈ ಸಡಿಲಿಕೆಯನ್ನೇ ಅಂಕಿಯಲ್ಲಿ ಹೇಳುವುದು ಹೇಗೆ ಎಂಬುದು ಸಾವಿರ ವರ್ಷ ಕಳೆದರೂ ಯಾರಿಗೂ ಹೊಳೆದಿರಲಿಲ್ಲ.

ಬಟಾಣಿಯಿಂದ ಮನುಷ್ಯನವರೆಗೆ

1874ರಲ್ಲಿ ನಮ್ಮ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಾಡತೊಡಗಿತು. ಅದರ ಮರುವರ್ಷ ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಸಿಹಿ ಬಟಾಣಿಯ ಬೀಜಗಳನ್ನು ಗಾತ್ರಕ್ಕೆ ತಕ್ಕಂತೆ ಏಳು ಗುಂಪು ಮಾಡಿ, ಪೊಟ್ಟಣ ಕಟ್ಟಿ, ಗೆಳೆಯರಿಗೆ ಬಿತ್ತಲು ಕಳುಹಿಸಿದ. ಬೆಳೆ ಬಂದ ಮೇಲೆ ನೋಡಿದರೆ ದೊಡ್ಡ ಬೀಜದ ಸಂತಾನ ದೊಡ್ಡದೇ, ಆದರೆ ತಾಯಿ ಬೀಜದಷ್ಟು ದೊಡ್ಡದಲ್ಲ. ಸಣ್ಣ ಬೀಜದ ಸಂತಾನ ಸಣ್ಣದೇ, ಆದರೆ ತಾಯಿಯಷ್ಟು ಸಣ್ಣದಲ್ಲ. ಎರಡೂ ಸರಾಸರಿಯ ಕಡೆಗೆ ಸ್ವಲ್ಪ ಮರಳಿದ್ದವು. ಹಿಮ್ಮರಳಿಕೆ ಎಂಬ ಹೆಸರಿನ ಮೂಲ ಇದೇ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ನಮ್ಮಲ್ಲಿದೆ. ಈ ಗಾದೆ ಎಷ್ಟರ ಮಟ್ಟಿಗೆ ನಿಜ ಎಂದು ಗಾಲ್ಟನ್ ಮನುಷ್ಯರಲ್ಲಿ ಅಳೆಯಲು ಹೊರಟ. 205 ಜೋಡಿ ತಂದೆತಾಯಿ ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರವನ್ನು ಸಂಗ್ರಹಿಸಿದ. ಹೆಂಗಸರ ಎತ್ತರವನ್ನು 1.08ರಿಂದ ಗುಣಿಸಿ ಗಂಡಸರ ಎತ್ತರಕ್ಕೆ ಸರಿಹೊಂದಿಸಿದ. ತಂದೆತಾಯಿಯರ ಎತ್ತರದ ಸರಾಸರಿಯನ್ನು ಒಂದು ಅಂಕಿಯಾಗಿ ಇಟ್ಟುಕೊಂಡ. 1886ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಗುಂಪಿನ ಸರಾಸರಿ 68.25 ಅಂಗುಲ. ತಂದೆತಾಯಿಯ ಸರಾಸರಿ ಇದಕ್ಕಿಂತ 3 ಅಂಗುಲ ಹೆಚ್ಚಿದ್ದರೆ ಅಂಥವರ ಮಕ್ಕಳು ಸರಾಸರಿಗಿಂತ 2 ಅಂಗುಲ ಮಾತ್ರ ಹೆಚ್ಚು. ಅಂದರೆ ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಬರುತ್ತದೆ, ಒಂದು ಪಾಲು ಸರಾಸರಿಯ ಕಡೆಗೆ ಮರಳುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಜಾಗವಿದೆ. ಎತ್ತರದವರ ಮಕ್ಕಳು ಸ್ವಲ್ಪ ಗಿಡ್ಡವಾಗುತ್ತಾರೆ, ಗಿಡ್ಡವರ ಮಕ್ಕಳು ಸ್ವಲ್ಪ ಎತ್ತರವಾಗುತ್ತಾರೆ ಎಂದರೆ ಕೆಲವು ತಲೆಮಾರಿನಲ್ಲಿ ಎಲ್ಲರೂ ಒಂದೇ ಎತ್ತರ ಆಗಿಬಿಡುತ್ತಾರೆಯೆ? ಇಲ್ಲ. ಮಧ್ಯಮ ಎತ್ತರದ ತಂದೆತಾಯಿಗೂ ಬಹಳ ಎತ್ತರದ, ಬಹಳ ಗಿಡ್ಡದ ಮಕ್ಕಳು ಹುಟ್ಟುತ್ತಾರೆ. ಆದ್ದರಿಂದ ಹರಡುವಿಕೆ ಹಾಗೆಯೇ ಉಳಿಯುತ್ತದೆ. ಲೆಕ್ಕವನ್ನು ತಿರುಗಿಸಿದರೂ ಇದೇ ಆಗುತ್ತದೆ. ಬಹಳ ಎತ್ತರದ ಮಕ್ಕಳನ್ನು ಆರಿಸಿ ಅವರ ತಂದೆತಾಯಿಯನ್ನು ಅಳೆದರೆ ಆ ತಂದೆತಾಯಿಯರೂ ಸರಾಸರಿಯ ಹತ್ತಿರವೇ ಇರುತ್ತಾರೆ. ಮಕ್ಕಳಿಂದ ತಂದೆತಾಯಿಗೆ ಪ್ರಭಾವ ಹರಿಯುವುದಿಲ್ಲವಲ್ಲ. ಹಿಮ್ಮರಳಿಕೆ ಎಂಬುದು ಸಡಿಲವಾದ ಸಂಬಂಧದ ಲಕ್ಷಣವೇ ಹೊರತು ದೇಹದೊಳಗೆ ಕುಳಿತು ಎಳೆಯುವ ಶಕ್ತಿಯಲ್ಲ.

ಮೊಳ ಮತ್ತು ಎತ್ತರ: 0.8

ಮುಂದಿನ ಹೆಜ್ಜೆಗೆ ಕಾರಣವಾದದ್ದು ಪೊಲೀಸ್ ಇಲಾಖೆಯ ಒಂದು ಸಮಸ್ಯೆ. ಪ್ಯಾರಿಸ್ಸಿನ ಪೊಲೀಸ್ ಗುಮಾಸ್ತ ಆಲ್ಫೋನ್ಸ್ ಬರ್ಟಿಲಾನ್ ಕೈದಿಗಳ ಎತ್ತರ, ತಲೆಯ ಉದ್ದ, ನಡುಬೆರಳು, ಪಾದ, ಮೊಳ ಇತ್ಯಾದಿಗಳನ್ನು ಅಳೆದು ಚೀಟಿಯಲ್ಲಿ ಬರೆದಿಟ್ಟು ಹಳೆಯ ಅಪರಾಧಿಗಳನ್ನು ಗುರುತಿಸುವ ಪದ್ಧತಿ ತಂದ. ಇಷ್ಟೊಂದು ಅಳತೆಗಳೆಲ್ಲ ಇಬ್ಬರಲ್ಲಿ ಒಂದೇ ಆಗುವುದು ಅಸಾಧ್ಯ ಎಂಬುದು ಅವನ ಲೆಕ್ಕ. ಆದರೆ ಎತ್ತರದವನಿಗೆ ಕೈ, ಕಾಲು, ಬೆರಳು ಎಲ್ಲವೂ ಉದ್ದವಾಗಿಯೇ ಇರುವ ಸಂಭವ ಹೆಚ್ಚು. ಹಾಗಿದ್ದ ಮೇಲೆ ಪ್ರತಿಯೊಂದು ಅಳತೆಯನ್ನೂ ಬೇರೆ ಬೇರೆ ಸಾಕ್ಷಿ ಎಂದು ಎಣಿಸುವುದು ಹೇಗೆ? ಒಂದೇ ಮನೆಯ ನಾಲ್ಕು ಮಂದಿ ಹೇಳಿದ್ದನ್ನು ನಾಲ್ಕು ಸಾಕ್ಷಿ ಎಂದ ಹಾಗೆ ಆಗುತ್ತದೆ.

ಗಾಲ್ಟನ್ನನ ಬಳಿ ಅಳತೆಗಳಿಗೆ ಬರ ಇರಲಿಲ್ಲ. 1884ರ ಲಂಡನ್ ಆರೋಗ್ಯ ಪ್ರದರ್ಶನದಲ್ಲಿ ಅವನು ತೆರೆದ ಅಳತೆಯ ಮಳಿಗೆಯಲ್ಲಿ 9,337 ಜನ ಮೂರು ಪೆನ್ನಿ ಶುಲ್ಕ ಕೊಟ್ಟು ತಮ್ಮನ್ನು ಅಳೆಸಿಕೊಂಡು ಹೋಗಿದ್ದರು. 1888ರ ಡಿಸೆಂಬರ್‌ನಲ್ಲಿ ಅವನು ಸುಮಾರು 350 ಗಂಡಸರ ಅಳತೆಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ, ಸಂಬಂಧದ ಬಿಗಿಯನ್ನು ಒಂದೇ ಅಂಕಿಯಲ್ಲಿ ಹೇಳುವ ವಿಧಾನವನ್ನು ರಾಯಲ್ ಸೊಸೈಟಿಯ ಮುಂದಿಟ್ಟ. ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಬಿಗಿಯಾಗಿದ್ದರೆ 1. ಅವನಿಗೆ ಸಿಕ್ಕ ಅಂಕಿಗಳು ಹೀಗಿವೆ: ಎತ್ತರ ಮತ್ತು ಮೊಳ 0.8, ಎತ್ತರ ಮತ್ತು ಮೊಣಕಾಲಿನ ಎತ್ತರ 0.9, ಎತ್ತರ ಮತ್ತು ನಡುಬೆರಳು 0.7, ಎತ್ತರ ಮತ್ತು ತಲೆಯ ಉದ್ದ 0.35.

ನಮ್ಮ ಮೂರೂವರೆ ಮೊಳ, ನಾಲ್ಕು ಮೊಳದ ವಾದಕ್ಕೆ ಇಲ್ಲೇ ಉತ್ತರವಿದೆ. ಆ ಗುಂಪಿನ ಮಧ್ಯದ ಎತ್ತರ 67.2 ಅಂಗುಲ, ಮೊಳ 18.05 ಅಂಗುಲ. ಭಾಗಿಸಿದರೆ 3.72. ಎರಡೂ ವಾದಗಳ ನಡುವೆ ಬಂದು ನಿಲ್ಲುತ್ತದೆ! ಆದರೆ ಮುಖ್ಯವಾದದ್ದು ಬೇರೆ ಇದೆ. ಅನುಪಾತದ ನಿಯಮವೇ ಸರಿಯಾದರೆ ಮೊಳ ಒಂದು ಅಂಗುಲ ಹೆಚ್ಚಿದವನ ಎತ್ತರ 3.72 ಅಂಗುಲ ಹೆಚ್ಚಬೇಕು. ಗಾಲ್ಟನ್ನನ ಅಳತೆಗಳಲ್ಲಿ ಹೆಚ್ಚಿದ್ದು ಸರಾಸರಿ 2.5 ಅಂಗುಲ ಮಾತ್ರ. ಮೊಳ 19.05 ಅಂಗುಲ ಇರುವವನ ಎತ್ತರ ಅನುಪಾತದ ಪ್ರಕಾರ 70.9 ಅಂಗುಲ, ಹಿಮ್ಮರಳಿಕೆಯ ಪ್ರಕಾರ 69.7 ಅಂಗುಲ. ಶಿಲ್ಪಶಾಸ್ತ್ರಕ್ಕೂ ಸಂಖ್ಯಾಶಾಸ್ತ್ರಕ್ಕೂ ಇರುವ ವ್ಯತ್ಯಾಸ ಇಷ್ಟೆ. ಮೊದಲನೆಯದು ದೇಹ ಹೇಗಿರಬೇಕು ಎಂದು ಹೇಳುತ್ತದೆ. ಎರಡನೆಯದು ದೇಹಗಳು ಹೇಗಿವೆ ಎಂದು ಕೇಳಿ ತಿಳಿಯುತ್ತದೆ.

ಬರ್ಟಿಲಾನ್ ಪದ್ಧತಿ ನಮ್ಮ ದೇಶಕ್ಕೂ ಬಂದು ಬಂಗಾಳದ ಪೊಲೀಸರಲ್ಲಿ ಬಳಕೆಯಾಗಿತ್ತು. ಆದರೆ 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿ ತೆರೆದ ಮೇಲೆ ಅದು ಹಿಂದೆ ಸರಿಯಿತು. ಬೆರಳಚ್ಚುಗಳನ್ನು ವರ್ಗೀಕರಿಸುವ ಆ ಕೆಲಸದಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳ ದುಡಿಮೆ ದೊಡ್ಡದು, ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು.

ಪಿಯರ್ಸನ್ ಮತ್ತು ಅಲೀಸ್ ಲೀ

ಗಾಲ್ಟನ್ ನಕ್ಷೆ ಬರೆದು ಕಣ್ಣಳತೆಯಲ್ಲಿ ಕಂಡುಕೊಂಡದ್ದಕ್ಕೆ 1896ರಲ್ಲಿ ಸರಿಯಾದ ಸೂತ್ರ ಕೊಟ್ಟವನು ಕಾರ್ಲ್ ಪಿಯರ್ಸನ್. ಇಂದು ಪಠ್ಯಪುಸ್ತಕದಲ್ಲಿರುವ ಸಹಸಂಬಂಧ ಗುಣಾಂಕ ಅವನದೇ. 1903ರಲ್ಲಿ ಅವನು ತನ್ನ ಸಹೋದ್ಯೋಗಿ ಅಲೀಸ್ ಲೀ ಜೊತೆಗೆ 1,078 ತಂದೆ-ಮಗ ಜೋಡಿಗಳ ಎತ್ತರವನ್ನು ಪ್ರಕಟಿಸಿದ. ಸಹಸಂಬಂಧ ಸುಮಾರು 0.5. ಅದರ ಜೊತೆಗೆ ಇನ್ನೊಂದು ಸಂಗತಿಯೂ ಕಂಡಿತು. ಮಕ್ಕಳ ಸರಾಸರಿ ಎತ್ತರ ತಂದೆಯರ ಸರಾಸರಿಗಿಂತ ಸುಮಾರು ಒಂದು ಅಂಗುಲ ಹೆಚ್ಚಿತ್ತು. ಸಂಬಂಧದ ಬಿಗಿ ಎಷ್ಟೇ ಇರಲಿ, ಇಡೀ ತಲೆಮಾರು ಮೇಲೇರಬಹುದು ಎಂಬುದಕ್ಕೆ ಇದು ಸಾಕ್ಷಿ. ಈ ಮಾತನ್ನು ನಮ್ಮ ಮಕ್ಕಳ ವಿಷಯಕ್ಕೆ ಬಂದಾಗ ಮತ್ತೆ ನೆನೆಯಬೇಕು.

ಅಲೀಸ್ ಲೀಯ ಇನ್ನೊಂದು ಕೆಲಸ ನಮ್ಮ ವಿದ್ಯಾರ್ಥಿನಿಯರು ತಿಳಿಯಲೇಬೇಕಾದದ್ದು. ತಲೆಬುರುಡೆ ದೊಡ್ಡದಿದ್ದರೆ ಬುದ್ಧಿ ಹೆಚ್ಚು, ಹೆಂಗಸರ ತಲೆ ಚಿಕ್ಕದು, ಆದ್ದರಿಂದ ಅವರಿಗೆ ಬುದ್ಧಿ ಕಡಿಮೆ ಎಂಬ ವಾದ ಆಗ ದೊಡ್ಡ ದೊಡ್ಡ ಪಂಡಿತರ ಬಾಯಲ್ಲಿತ್ತು. ತಲೆಯ ಹೊರಗಿನ ಉದ್ದ, ಅಗಲ, ಎತ್ತರಗಳಿಂದ ಒಳಗಿನ ಗಾತ್ರವನ್ನು ಅಂದಾಜು ಮಾಡುವ ಹಿಮ್ಮರಳಿಕೆ ಸೂತ್ರವನ್ನು ಲೀ ಸಿದ್ಧಪಡಿಸಿದಳು. 1898ರಲ್ಲಿ ಡಬ್ಲಿನ್‌ನಲ್ಲಿ ಸೇರಿದ್ದ ಅಂಗರಚನಾ ಶಾಸ್ತ್ರಜ್ಞರ ಸಭೆಯಲ್ಲಿ 35 ಮಂದಿ ತಮ್ಮ ತಲೆಯನ್ನು ಅಳೆಯಲು ಕೊಟ್ಟಿದ್ದರು. ಲೀ ಆ ಅಂಕಿಗಳಿಗೂ, ಬೆಡ್‌ಫರ್ಡ್ ಕಾಲೇಜಿನ ವಿದ್ಯಾರ್ಥಿನಿಯರ ಅಂಕಿಗಳಿಗೂ ತನ್ನ ಸೂತ್ರ ಹಚ್ಚಿದಳು. ಹೆಸರಾಂತ ಪಂಡಿತರಲ್ಲಿ ಕೆಲವರ ಬುರುಡೆ ಪಟ್ಟಿಯ ಕೊನೆಯಲ್ಲಿತ್ತು! ತಲೆಯ ಗಾತ್ರದಿಂದ ಬುದ್ಧಿ ಅಳೆಯಲಾಗದು ಎಂದು ಅವಳು ಅದೇ ಪಂಡಿತರ ಅಂಕಿಗಳಿಂದಲೇ ತೋರಿಸಿಕೊಟ್ಟಳು.

ಇದನ್ನು ಹೇಳಿದ ಮೇಲೆ ಕತ್ತಲೆಯ ಮುಖವನ್ನೂ ಹೇಳಬೇಕು. ಉತ್ತಮ ಸಂತಾನವನ್ನು ಆರಿಸಿ ಬೆಳೆಸಬೇಕೆಂಬ ಯೂಜೆನಿಕ್ಸ್ ಎಂಬ ಪದವನ್ನು 1883ರಲ್ಲಿ ಹುಟ್ಟುಹಾಕಿದವನೂ ಗಾಲ್ಟನ್ನೇ. ಪಿಯರ್ಸನ್ ಅದರ ದೊಡ್ಡ ಬೆಂಬಲಿಗ. ಆ ಚಿಂತನೆ ಮುಂದೆ ಹಲವು ದೇಶಗಳಲ್ಲಿ ಬಡವರ, ದುರ್ಬಲರ ಮೇಲೆ ಕ್ರೂರ ಕಾನೂನುಗಳಾಯಿತು. ಉಪಕರಣ ಒಳ್ಳೆಯದಿದ್ದರೂ ಹಿಡಿದ ಕೈಯ ಉದ್ದೇಶ ಕೆಟ್ಟದ್ದಾಗಬಹುದು.

ಭಾರತದಲ್ಲಿ ಅಳತೆಯ ರಾಜಕೀಯ

ನಮ್ಮ ದೇಶದಲ್ಲಿ ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲೆ ಬಂಗಾಳದ ಜಾತಿ-ಬುಡಕಟ್ಟುಗಳ ಜನರ ಮೂಗಿನ ಅಗಲ, ಉದ್ದಗಳನ್ನು ಅಳೆಸಿ, ಮೂಗಿನ ಆಕಾರಕ್ಕೂ ಜಾತಿಯ ಸ್ಥಾನಮಾನಕ್ಕೂ ಸಂಬಂಧ ಇದೆ ಎಂದು 1891ರ ಹೊತ್ತಿಗೆ ಬರೆದ. ಇಂಥ ಮಾತಿಗೆ ಅಂಕಿಯ ಮೂಲಕವೇ ಉತ್ತರ ಕೊಡಬೇಕಿತ್ತು. ಆ ಕೆಲಸಕ್ಕೆ ಕೈಹಾಕಿದವರು ಪ್ರಶಾಂತಚಂದ್ರ ಮಹಲನೋಬಿಸ್.

ಮಹಲನೋಬಿಸ್ ಓದಿದ್ದು ಭೌತಶಾಸ್ತ್ರ. 1920ರ ನಾಗಪುರ ವಿಜ್ಞಾನ ಸಮ್ಮೇಳನದಲ್ಲಿ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕ ನೆಲ್ಸನ್ ಅನ್ನಂಡೇಲ್ ಅವರು ಕಲ್ಕತ್ತದ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ವಿಶ್ಲೇಷಿಸಲು ಅವರನ್ನು ಕೇಳಿದರು. ಗಂಡಸರ ಎತ್ತರವನ್ನು ಕುರಿತ 1922ರ ಆ ಪ್ರಬಂಧದಿಂದಲೇ ಭಾರತದ ಸಂಖ್ಯಾಶಾಸ್ತ್ರ ಹೊಸ ದಾರಿ ಹಿಡಿಯಿತು. 1931ರ ಡಿಸೆಂಬರ್ 17ರಂದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಹುಟ್ಟಿತು. 1933ರಲ್ಲಿ ಆರಂಭವಾದ ಸಂಖ್ಯಾ ಪತ್ರಿಕೆಯ ಮೊದಲ ಸಂಪುಟದಲ್ಲೇ ಅವರು ರಿಸ್ಲೆಯ ಅಂಕಿಗಳನ್ನು ಪರಿಶೀಲಿಸಿ ಅವುಗಳಲ್ಲಿದ್ದ ತಪ್ಪುಗಳನ್ನು ತಿದ್ದಿದರು. ಹಲವು ಅಳತೆಗಳನ್ನು ಒಟ್ಟಿಗೆ ಹಿಡಿದು ಎರಡು ಗುಂಪುಗಳ ನಡುವಿನ ಅಂತರವನ್ನು ಕಂಡುಹಿಡಿಯುವ ಅವರ ವಿಧಾನ 1936ರಲ್ಲಿ ಪೂರ್ಣರೂಪ ಪಡೆಯಿತು. ಬರ್ಟಿಲಾನ್ ಮರೆತದ್ದನ್ನು, ಅಂದರೆ ಅಳತೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ ಎಂಬುದನ್ನು, ಈ ವಿಧಾನ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಂದು ಉಪಗ್ರಹ ಚಿತ್ರಗಳಿಂದ ಬೆಳೆ ಗುರುತಿಸಲಿಕ್ಕೂ ಅದು ಬಳಕೆಯಲ್ಲಿದೆ.

ಪುಣೆಯ ಇರಾವತಿ ಕರ್ವೆ ಅವರ ಹೆಸರನ್ನೂ ಇಲ್ಲಿ ನೆನೆಯಬೇಕು. ಬರ್ಲಿನ್‌ನಲ್ಲಿ ಸಂಶೋಧನೆ ಮಾಡುವಾಗ, ಬಿಳಿಯರ ತಲೆಬುರುಡೆಯ ರಚನೆಯೇ ಅವರ ಹೆಚ್ಚಿನ ಬುದ್ಧಿಗೆ ಕಾರಣ ಎಂಬ ತಮ್ಮ ಗುರುವಿನ ಊಹೆಯನ್ನು ಅಳತೆಗಳು ಸಮರ್ಥಿಸುವುದಿಲ್ಲ ಎಂದು ಅವರು ಧೈರ್ಯದಿಂದ ಬರೆದರು. ಮುಂದೆ ಕರ್ನಾಟಕ ಮತ್ತು ಒಡಿಶಾದ ಜನರ ದೇಹದ ಅಳತೆಗಳನ್ನು ಮಹಾರಾಷ್ಟ್ರದ ಅಳತೆಗಳೊಂದಿಗೆ ಹೋಲಿಸಿ 1954ರಲ್ಲಿ ಪ್ರಕಟಿಸಿದರು.

ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್

ಈ ಇತಿಹಾಸದಲ್ಲಿ ಕರ್ನಾಟಕದ ಮಣ್ಣಿಗೆ ಸಿಕ್ಕ ದೊಡ್ಡ ಹೆಮ್ಮೆ ಕಲ್ಯಂಪುಡಿ ರಾಧಾಕೃಷ್ಣ ರಾವ್. ಅವರು 1920ರ ಸೆಪ್ಟೆಂಬರ್ 10ರಂದು, ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹಡಗಲಿಯಲ್ಲಿ ಹುಟ್ಟಿದರು. ಮನೆಮಾತು ತೆಲುಗು. ಎಂಟನೆಯ ಮಗುವಾದ್ದರಿಂದ ದೇವಕಿಯ ಎಂಟನೆಯ ಮಗ ಕೃಷ್ಣನ ಹೆಸರು ಬಂತು. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, 1941ರಲ್ಲಿ ಕಲ್ಕತ್ತದ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದರು. ಅದೇ ವರ್ಷ ಸಂಯುಕ್ತ ಪ್ರಾಂತ್ಯದಲ್ಲಿ, ಅಂದರೆ ಇಂದಿನ ಉತ್ತರ ಪ್ರದೇಶದಲ್ಲಿ, ಮಾನವಶಾಸ್ತ್ರಜ್ಞ ಡಿ.ಎನ್. ಮಜುಂದಾರ್ ಸಾವಿರಾರು ಜನರ ದೇಹದ ಅಳತೆ ಸಂಗ್ರಹಿಸಿದ್ದರು. ಆ ರಾಶಿ ಅಂಕಿಗಳ ವಿಶ್ಲೇಷಣೆಯ ಭಾರ ಯುವಕ ರಾವ್ ಅವರ ಹೆಗಲಿಗೆ ಬಂತು. ಮಹಲನೋಬಿಸ್, ಮಜುಂದಾರ್, ರಾವ್ ಮೂವರ ಹೆಸರಿನಲ್ಲಿ ಆ ದೊಡ್ಡ ವರದಿ 1949ರಲ್ಲಿ ಸಂಖ್ಯಾ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಡುವೆ 1946ರಲ್ಲಿ ಕೇಂಬ್ರಿಜ್‌ನಿಂದ ಕರೆ ಬಂತು. ಸೂಡಾನಿನ ಜೆಬೆಲ್ ಮೋಯ ಎಂಬಲ್ಲಿ ಅಗೆದು ತೆಗೆದಿದ್ದ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಿ, ಆ ಜನ ಯಾರ ಹತ್ತಿರದವರು ಎಂದು ಹೇಳಬೇಕಿತ್ತು. ಹಗಲು ವಸ್ತುಸಂಗ್ರಹಾಲಯದ ಕೆಲಸ, ಜೊತೆಗೆ ಆರ್.ಎ. ಫಿಶರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ. ನಮ್ಮ ಹೈದರಾಬಾದ್ ಪ್ರಾಂತ್ಯ ಭಾರತದೊಂದಿಗೆ ಸೇರಿದ 1948ನೇ ಇಸವಿಯಲ್ಲೇ ರಾವ್ ಅವರಿಗೆ ಡಾಕ್ಟರೇಟ್ ದೊರೆಯಿತು. 2001ರಲ್ಲಿ ಪದ್ಮವಿಭೂಷಣ, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಅವರಿಗೆ ಸಂದವು. ಅದೇ ವರ್ಷ ಆಗಸ್ಟ್ 22ರಂದು, 102ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಎಲುಬು ಹೇಳುವ ಎತ್ತರ

ಇದರ ನಿತ್ಯದ ಉಪಯೋಗ ಕಾಣಬೇಕಾದರೆ ನ್ಯಾಯವೈದ್ಯ ವಿಭಾಗಕ್ಕೆ ಹೋಗಬೇಕು. ಎಲ್ಲೋ ಒಂದು ತೊಡೆಯ ಎಲುಬು ಮಾತ್ರ ಸಿಕ್ಕಿದೆ, ಸತ್ತವನ ಎತ್ತರ ಎಷ್ಟಿದ್ದೀತು? 1899ರಲ್ಲಿ ಪಿಯರ್ಸನ್ ಫ್ರಾನ್ಸಿನ ಶವಗಳ ಅಳತೆಗಳಿಂದ ಗಂಡಸರಿಗೆ ಒಂದು ಸೂತ್ರ ಕೊಟ್ಟ: ಎತ್ತರ = 81.306 + 1.880 × ತೊಡೆಯೆಲುಬಿನ ಉದ್ದ, ಎಲ್ಲವೂ ಸೆಂಟಿಮೀಟರಿನಲ್ಲಿ. 1952ರಲ್ಲಿ ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಮತ್ತು ಗೋಲ್ಡೀನ್ ಗ್ಲೆಸರ್ ಎರಡನೇ ಮಹಾಯುದ್ಧದಲ್ಲಿ ಸತ್ತ ಸೈನಿಕರ ಎಲುಬುಗಳಿಂದ ಬೇರೆ ಸೂತ್ರ ಕಟ್ಟಿದರು. ಬಿಳಿಯ ಗಂಡಸರಿಗೆ ಅದು: ಎತ್ತರ = 61.41 + 2.38 × ತೊಡೆಯೆಲುಬಿನ ಉದ್ದ.

45 ಸೆಂ.ಮೀ. ಉದ್ದದ ಒಂದು ಎಲುಬಿಗೆ ಎರಡನ್ನೂ ಹಚ್ಚಿ ನೋಡಿ. ಮೊದಲನೆಯದು 165.9 ಎನ್ನುತ್ತದೆ, ಎರಡನೆಯದು 168.5. ಎಲುಬು ಒಂದೇ, ಉತ್ತರ ಎರಡು, ಅಂತರ 2.6 ಸೆಂ.ಮೀ. ಯಾವುದು ಸರಿ? ಫ್ರಾನ್ಸಿನವರಿಗೆ ಒಂದು, ಅಮೆರಿಕದವರಿಗೆ ಇನ್ನೊಂದು. ಚಿಂಚೋಳಿಯ ರೈತನಿಗೆ, ಶಹಾಬಾದಿನ ಕಲ್ಲು ಗಣಿಯ ಕಾರ್ಮಿಕನಿಗೆ ಎರಡೂ ಸರಿ ಎಂದು ಹೇಳಲಾಗದು. ಯಾರನ್ನು ಅಳೆದು ಸೂತ್ರ ಕಟ್ಟಿದ್ದಾರೋ ಅವರಿಗೇ ಅದು ಹೊಂದುತ್ತದೆ. ಅದಕ್ಕಾಗಿಯೇ ನಮ್ಮ ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಕೈ, ಪಾದ, ಬೆನ್ನೆಲುಬುಗಳ ಅಳತೆಯಿಂದ ಎತ್ತರ ಹೇಳುವ ಸೂತ್ರಗಳನ್ನು ನಮ್ಮವರನ್ನೇ ಅಳೆದು ಕಟ್ಟುತ್ತಿದ್ದಾರೆ. ಮಣಿಪಾಲದ ಸಂಶೋಧಕರು ಉತ್ತರ ಭಾರತ ಮತ್ತು ದಕ್ಷಿಣ ಭಾರತದ ವಿದ್ಯಾರ್ಥಿಗಳ ಕೈಯ ಅಳತೆಗಳನ್ನು ಎತ್ತರದೊಂದಿಗೆ ಹೋಲಿಸಿ 2008ರಲ್ಲಿ ಪ್ರಕಟಿಸಿದ್ದಾರೆ. ಕಾಣೆಯಾದವನ ಮನೆಯವರು ಪೊಲೀಸ್ ಠಾಣೆಯಲ್ಲಿ ಕಾದಿರುವಾಗ ಈ ಎರಡು ಸೆಂಟಿಮೀಟರ್ ಸಣ್ಣ ಮಾತಲ್ಲ.

ನಮ್ಮ ತರಗತಿಯಲ್ಲೇ ಮಾಡಿ ನೋಡಬಹುದು

ಇದಕ್ಕೆ ಪ್ರಯೋಗಾಲಯ ಬೇಡ. ಒಂದು ಟೇಪು, ಒಂದು ಗ್ರಾಫ್ ಹಾಳೆ ಸಾಕು. ಉದಾಹರಣೆಗೆ ಐದು ಮಂದಿ ವಿದ್ಯಾರ್ಥಿಗಳ ಮೊಳ 38, 40, 42, 44, 46 ಸೆಂ.ಮೀ., ಎತ್ತರ ಕ್ರಮವಾಗಿ 142, 150, 152, 160, 161 ಸೆಂ.ಮೀ. ಎಂದು ಇಟ್ಟುಕೊಳ್ಳೋಣ. ಮೊಳದ ಸರಾಸರಿ 42, ಎತ್ತರದ ಸರಾಸರಿ 153. ಪ್ರತಿಯೊಬ್ಬರ ಅಳತೆಯಿಂದ ಸರಾಸರಿಯನ್ನು ಕಳೆಯಿರಿ. ಮೊಳದ ವ್ಯತ್ಯಾಸಗಳು −4, −2, 0, 2, 4. ಎತ್ತರದ ವ್ಯತ್ಯಾಸಗಳು −11, −3, −1, 7, 8. ಜೋಡಿಗಳನ್ನು ಗುಣಿಸಿ ಕೂಡಿದರೆ 96. ಮೊಳದ ವ್ಯತ್ಯಾಸಗಳ ವರ್ಗಗಳ ಮೊತ್ತ 40, ಎತ್ತರದ್ದು 244.

ಈಗ 96ನ್ನು 40ರಿಂದ ಭಾಗಿಸಿದರೆ 2.4. ಮೊಳ ಒಂದು ಸೆಂ.ಮೀ. ಹೆಚ್ಚಿದರೆ ಎತ್ತರ ಸರಾಸರಿ 2.4 ಸೆಂ.ಮೀ. ಹೆಚ್ಚುತ್ತದೆ. ಸೂತ್ರ: ಎತ್ತರ = 52.2 + 2.4 × ಮೊಳ. ಹತ್ತನೇ ತರಗತಿಯಲ್ಲಿ ಬರುವ ಸರಳರೇಖೆಯ ಸಮೀಕರಣವೇ ಇದು. 40 ಮತ್ತು 244ರ ಗುಣಲಬ್ಧದ ವರ್ಗಮೂಲ ಸುಮಾರು 98.8. 96ನ್ನು ಅದರಿಂದ ಭಾಗಿಸಿದರೆ ಸಹಸಂಬಂಧ ಗುಣಾಂಕ 0.97. ಐದೇ ಮಂದಿಯ ಲೆಕ್ಕವಾದ್ದರಿಂದ ಇಷ್ಟು ಬಿಗಿ ಕಂಡಿತು. ಇಡೀ ಶಾಲೆಯ ಮಕ್ಕಳನ್ನು ಅಳೆದರೆ ಚುಕ್ಕೆಗಳು ಇನ್ನಷ್ಟು ಚದುರುತ್ತವೆ.

ಒಂದು ಎಚ್ಚರಿಕೆ. 43 ಸೆಂ.ಮೀ. ಮೊಳದ ಹುಡುಗನ ಎತ್ತರ 155.4 ಎಂದು ಈ ಸೂತ್ರದಿಂದ ಅಂದಾಜಿಸಬಹುದು. ಆದರೆ 15 ಸೆಂ.ಮೀ. ಮೊಳದ ಹಸುಗೂಸಿಗೆ ಹಚ್ಚಿದರೆ 88 ಸೆಂ.ಮೀ. ಎಂಬ ಹಾಸ್ಯಾಸ್ಪದ ಉತ್ತರ ಬರುತ್ತದೆ, ಹುಟ್ಟಿದ ಮಗು ಇರುವುದು ಸುಮಾರು 50 ಸೆಂ.ಮೀ. ಅಳೆದ ವ್ಯಾಪ್ತಿಯ ಆಚೆಗೆ ಗೆರೆ ಎಳೆಯಬಾರದು.

ಎತ್ತರ, ತೂಕ ಮತ್ತು ಬಿಸಿಯೂಟ

ಕೊನೆಯದಾಗಿ ನಮ್ಮ ಶಾಲೆಯ ಪುಸ್ತಕಕ್ಕೆ ಬರೋಣ. ಎತ್ತರ ಮತ್ತು ತೂಕದ ಸಂಬಂಧವನ್ನು ಮೊದಲು ಹುಡುಕಿದವನು ಬೆಲ್ಜಿಯಂನ ಅಡಾಲ್ಫ್ ಕ್ವೆಟಲೆ. ವಯಸ್ಕರ ತೂಕ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಅವನು 1830ರ ದಶಕದಲ್ಲಿ ಕಂಡುಕೊಂಡ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಇಂದಿನ ಬಿಎಂಐ ಸೂಚ್ಯಂಕ ಅಲ್ಲಿಂದ ಬಂದದ್ದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಈ ಅಂಕಿಯನ್ನು ನೋಡಿ ನಮ್ಮ ಜನರ ತಳಿಯೇ ಹಾಗೆ ಎಂದು ಸುಮ್ಮನಾಗುವವರು ಪಿಯರ್ಸನ್ನನ ಆ ಒಂದು ಅಂಗುಲವನ್ನು ನೆನೆಯಲಿ. ಒಂದು ತಲೆಮಾರಿನಲ್ಲಿ ಬದಲಾಗುವುದು ರಕ್ತವಲ್ಲ. ಊಟ, ನೀರು, ಆರೋಗ್ಯ. ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮ ಜಿಲ್ಲೆಯೂ ಒಂದು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಅಥವಾ ಬಾಳೆಹಣ್ಣು ಕೊಡಲು ಶುರುವಾಯಿತು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ನೆರೆಯ ಯಾದಗಿರಿ ಜಿಲ್ಲೆಯ ಮಕ್ಕಳ ಎತ್ತರ-ತೂಕವನ್ನು, ಆಗಿನ್ನೂ ಮೊಟ್ಟೆ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳ ಎತ್ತರ-ತೂಕದೊಂದಿಗೆ ಹೋಲಿಸಿದಾಗ ಯಾದಗಿರಿಯ ಮಕ್ಕಳಲ್ಲಿ ಹೆಚ್ಚಿನ ಏರಿಕೆ ಕಂಡಿತು. ಯೋಜನೆ ಮುಂದುವರಿಸಬೇಕೆ ಬೇಡವೆ ಎಂಬ ವಾದದಲ್ಲಿ ತೂಕ ಬಂದದ್ದು ಈ ಅಂಕಿಗಳಿಗೆ.

ಆದ್ದರಿಂದ ವಿದ್ಯಾರ್ಥಿ ಮಿತ್ರರೆ, ಮುಂದಿನ ಸಲ ಆರೋಗ್ಯ ತಪಾಸಣೆಗೆ ಸಾಲಿನಲ್ಲಿ ನಿಂತಾಗ ಚಪ್ಪಲಿ ತೆಗೆದು, ಹಿಮ್ಮಡಿ ಗೋಡೆಗೆ ಹಚ್ಚಿ, ನೇರವಾಗಿ ನಿಲ್ಲಿರಿ. ಬರೆಯುವವರು ಕಣ್ಣಂದಾಜಿನಲ್ಲಿ ಬರೆಯದೆ ಅಳೆದೇ ಬರೆಯಲಿ. ಎಷ್ಟೇ ದೊಡ್ಡ ಸೂತ್ರವಿದ್ದರೂ ತಪ್ಪು ಅಳತೆಯಿಂದ ಸರಿ ಉತ್ತರ ಬಾರದು. ನೂರನೇ ವರ್ಷದ ಸಂಚಿಕೆ ಹೊರತರುವವರು ಈ ಪುಸ್ತಕಗಳನ್ನು ತೆರೆದು, ಈ ಶಾಲೆಯ ಮಕ್ಕಳು ಐವತ್ತು ವರ್ಷಗಳಲ್ಲಿ ಎಷ್ಟು ಬೆಳೆದರು ಎಂದು ಲೆಕ್ಕ ಹಾಕುವಂತಾಗಲಿ. ಆ ಲೆಕ್ಕ ಹಾಕುವ ಗಣಿತಜ್ಞ ಅಥವಾ ಗಣಿತಜ್ಞೆ ಮಹಾವೀರಾಚಾರ್ಯನ ಈ ನೆಲದಿಂದಲೇ ಬರಲಿ ಎಂಬುದು ನಮ್ಮೆಲ್ಲರ ಹಾರೈಕೆ.